ಅಳತೆ ರವಿಕೆ ತರಬೇಡಿ, ನೀವೇ ಬನ್ನಿ

ಹೊಸೂರು ಸೀಮೆಯ ತಳಿ ಎಂಬ ಊರಲ್ಲಿ ಬೆಳಗಿನ ಮಂಜು ಇನ್ನೂ ಕರಗಿಲ್ಲ. ಕೋಸಿನ ಮೂಟೆ ಹೇರಿಕೊಂಡ ಜೀಪೊಂದು ಬಸ್ ನಿಲ್ದಾಣದ ಬಳಿ ಗುರುಗುಟ್ಟುತ್ತ ನಿಂತಿದೆ. ಅದರ ಹಿಂದಿನ ಓಣಿಯಲ್ಲಿ, ಪೂರ್ವಕ್ಕೆ ಬಾಗಿಲಿರುವ ಪುಟ್ಟ ಹೊಲಿಗೆ ಅಂಗಡಿಯ ಹೊಸ್ತಿಲಲ್ಲಿ, ಗಂಗರತ್ನಮ್ಮ ಒಬ್ಬ ಹುಡುಗಿಯನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದಾರೆ. ಬೈಗುಳ ಹುಡುಗಿಗಲ್ಲ, ಅವಳ ಮೈಮೇಲಿರುವ ರವಿಕೆಗೆ.

“ಎಲ್ಲಿ, ಕೈ ಎತ್ತಮ್ಮ.”

ಪವಿತ್ರ ಎತ್ತುತ್ತಾಳೆ. ಕೈ ಎದೆಮಟ್ಟಕ್ಕೆ ಬಂದು ನಿಂತುಬಿಡುತ್ತದೆ.

“ಅಷ್ಟೇನಾ? ಹಾರ ಎಲ್ಲಿಗೆ ಹಾಕ್ತೀಯ, ಗಂಡಿನ ಹೊಟ್ಟೆಗಾ?”

ಹುಡುಗಿಗೆ ನಗು ಬರುತ್ತದೆ. ಜೋರಾಗಿ ನಕ್ಕರೆ ಹೊಲಿಗೆ ಬಿಟ್ಟೀತೆಂದು ತುಟಿ ಕಚ್ಚಿಕೊಳ್ಳುತ್ತಾಳೆ. ಹಾಗೇ ಕಣ್ಣಲ್ಲಿ ನೀರೂ ಬರುತ್ತದೆ. ಯಾಕೆಂದರೆ ಅದು ಅವಳ ಧಾರೆಯ ರವಿಕೆ. ಮದುವೆಗೆ ಎರಡು ವಾರವೂ ಉಳಿದಿಲ್ಲ. ಹೊಸೂರಿನ ಕಡೆಯ ಕಂಪನಿ ಬಸ್ಸು ಬರುವ ಮುಂಚೆ ಓಡಿ ಬಂದಿದ್ದಾಳೆ. ಗಂಡಿನ ಮನೆಯವರು ಹೊಲಿಸಿ ಕಳಿಸಿರುವ ಆ ರವಿಕೆ ಕಂಕುಳಲ್ಲಿ ಕಚ್ಚುತ್ತದೆ, ಬೆನ್ನಲ್ಲಿ ಬಿಗಿಯುತ್ತದೆ, ಕೆಳಗಿನ ಎರಡು ಕೊಕ್ಕೆ ಕೂಡುವುದೇ ಇಲ್ಲ. ತೋಳು ಮಣಿಕಟ್ಟಿನವರೆಗೂ ಉದ್ದ, ಬಲೆಬಟ್ಟೆಯದು.

“ಇಷ್ಟುದ್ದ ತೋಳು ಯಾಕಮ್ಮ? ಚಳೀಗಾ?”

“ಕೈ ಕಪ್ಪು ಕಾಣ್ಬಾರ್ದು ಅಂತ ಅಕ್ಕ,” ಅನ್ನುತ್ತಾಳೆ ಪವಿತ್ರ, ತಗ್ಗಿದ ದನಿಯಲ್ಲಿ.

ಗಂಗರತ್ನಮ್ಮ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಡುತ್ತಾರೆ. ಅವರಿಗೆ ನಿಜವಾಗಿ ಸಿಟ್ಟು ಬಂದಾಗ ಹೀಗೆ ಬಾಯಿ ಖಾಲಿ ಮಾಡಿಕೊಳ್ಳುತ್ತಾರೆ ಎಂಬುದು ಓಣಿಗೆಲ್ಲ ಗೊತ್ತು.

ಅವರಿಗೆ ಐವತ್ತರ ಆಸುಪಾಸು. ಅಂಗಡಿಗೆ ಬೋರ್ಡಿಲ್ಲ. ‘ಬೆಳಕಲ್ಲಿ ನಿಲ್ಸೋ ಟೈಲರಮ್ಮ’ ಎಂದರೆ ಸಾಕು, ಹೂವಿನ ತೋಟಕ್ಕೆ ಹೋಗುವವರೂ ದಾರಿ ತೋರಿಸುತ್ತಾರೆ. ಗಂಡ ಬೀರೇಶ್ ಊರಾಚೆಯ ಹೊಲದಲ್ಲಿ ರಾಗಿ, ಸ್ವಲ್ಪ ಬೀನ್ಸು ಬೆಳೆಯುತ್ತಾರೆ. ಹೆಂಡತಿಯ ಕೆಲಸದ ಬಗ್ಗೆ ಕೇಳಿದರೆ ಅವರದು ಒಂದೇ ಮಾತು: “ಅವ್ಳು ಹೊಲಿಯೋದು ಕಮ್ಮಿ, ಜಗಳ ಆಡೋದು ಜಾಸ್ತಿ.”

ಜಗಳ ಯಾವುದರ ಮೇಲೆ? ಮೊದಲನೆಯದು ಅಳತೆ ರವಿಕೆಯ ಮೇಲೆ.

ನಮ್ಮ ಹೆಂಗಸರು ಟೈಲರ್ ಹತ್ತಿರ ಹೋಗುವಾಗ ಮೈಯನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಒಂದು ಹಳೇ ರವಿಕೆಯನ್ನು ಮಡಚಿ ಚೀಲದಲ್ಲಿಟ್ಟು ಕೊಟ್ಟರೆ ಆಯಿತು, ಟೈಲರ್ ಅದನ್ನು ಹಾಸಿ, ಗೀಚಿ, ಕತ್ತರಿಸಿ ಅದರಂತೆಯೇ ಇನ್ನೊಂದನ್ನು ಹೊಲಿಯುತ್ತಾನೆ. ಮುಂದಿನ ಸಲ ಆ ಎರಡನೆಯದೇ ಅಳತೆ. ಮೊದಲ ರವಿಕೆಯ ಎಡಭುಜ ಜಾರುತ್ತಿದ್ದರೆ ಜೀವಮಾನವೆಲ್ಲ ಎಡಭುಜ ಜಾರುತ್ತದೆ. ಹೆರಿಗೆಗಳಾಗಿರುತ್ತವೆ, ಮೈ ಬಂದಿರುತ್ತದೆ, ಇಳಿದಿರುತ್ತದೆ, ಬೆನ್ನು ಬಾಗಿರುತ್ತದೆ. ರವಿಕೆಯ ಲೆಕ್ಕದಲ್ಲಿ ಮಾತ್ರ ಅವಳಿಗೆ ಇನ್ನೂ ಮದುವೆಯೇ ಆಗಿಲ್ಲ. ಹೊಂದದಿದ್ದರೆ ತಪ್ಪು ಯಾರದು? ಮೈಯದೇ! ‘ದಪ್ಪ ಆಗ್ಬುಟ್ಟೆ ಕಣೇ’ ಎಂದು ಅವಳೇ ನಾಚಿಕೊಂಡು ಉಸಿರು ಹಿಡಿದು ಕೊಕ್ಕೆ ಹಾಕುತ್ತಾಳೆ.

“ಹಸು ತರಾಕೆ ಹೋದ್ರೆ ಹಲ್ಲು ನೋಡ್ತಾರೆ, ಕೆಚ್ಚಲು ನೋಡ್ತಾರೆ, ಸುತ್ತ ಒಂದು ಸುತ್ತು ಬತ್ತಾರೆ,” ಅನ್ನುತ್ತಾರೆ ಗಂಗರತ್ನಮ್ಮ. “ಹೆಂಗ್ಸಿಗೆ ಬಟ್ಟೆ ಹೊಲ್ಯಾಕೆ ಅವಳನ್ನ ಒಂದ್ಸಲ ನೋಡಾಕೆ ಏನು ಕಾಯ್ಲೆ ಇವ್ರಿಗೆ?”

ಹಾಗಾಗಿ ಅವರ ಅಂಗಡಿಯಲ್ಲಿ ಅಳತೆ ರವಿಕೆ ಒಳಗೆ ಬರುವಂತಿಲ್ಲ. ನೀವೇ ಬರಬೇಕು, ಟೇಪಿಗೆ ನಿಲ್ಲಬೇಕು, ಕೈ ಎತ್ತಿ ಇಳಿಸಿ ತೋರಿಸಬೇಕು, ನೀವು ದಿನವಿಡೀ ಏನು ಕೆಲಸ ಮಾಡುತ್ತೀರಿ ಎಂದು ಹೇಳಬೇಕು. ಕಂಪನಿಯಲ್ಲಿ ನಿಂತೂ ನಿಂತೂ ಭುಜ ಹಿಡಿದುಕೊಂಡಿದೆ ಎಂದು ಮಾತ್ರೆ ನುಂಗುತ್ತಿದ್ದ ನಾಗವೇಣಿ ಎಂಬಾಕೆಯ ಕಂಕುಳ ಸುತ್ತನ್ನು ಸಡಿಲ ಮಾಡಿ ಕೊಟ್ಟರು, ನೋವು ಅರ್ಧ ಇಳಿಯಿತು. ಅದನ್ನು ಹೇಳಿಕೊಂಡು ಓಡಾಡಿದ್ದು ಆಕೆಯೇ ಹೊರತು ಇವರಲ್ಲ. ಗಿರಾಕಿಗಳೇನೂ ಸಾಲುಗಟ್ಟಲಿಲ್ಲ. ಮೈ ತೋರಿಸಿ ನಿಲ್ಲಬೇಕಲ್ಲ ಎಂದು ನಾಚಿ ಎಷ್ಟೋ ಮಂದಿ ಮುಂದಿನ ಬೀದಿಯ ಅಂಗಡಿಗೆ ಚೀಲ ಕೊಟ್ಟು ಹೋಗುತ್ತಾರೆ.

ಎರಡನೇ ಜಗಳ ಬಣ್ಣದ್ದು. ಅಂಗಡಿಯ ಬಾಗಿಲಿಗೆ ಒಂದು ಹಗ್ಗ ಕಟ್ಟಿದೆ, ಅದರ ತುಂಬ ಹೊಲಿದು ಮಿಕ್ಕ ಬಟ್ಟೆಯ ಚೂರುಗಳು. ಬಂದವರನ್ನು ಹೊಸ್ತಿಲಲ್ಲಿ ಸೂರ್ಯನಿಗೆ ಮುಖ ಮಾಡಿಸಿ ನಿಲ್ಲಿಸಿ, ಒಂದೊಂದು ಚೂರನ್ನು ಹೆಗಲ ಮೇಲೆ ಹಾಕಿ, ಕೈಯಲ್ಲೊಂದು ಕನ್ನಡಿ ಕೊಡುತ್ತಾರೆ. ಟ್ಯೂಬ್‌ಲೈಟನ್ನು ಅವರು ನಂಬುವುದಿಲ್ಲ, ಅದರ ಕೆಳಗೆ ಎಲ್ಲರೂ ಕಾಯಿಲೆಯವರಂತೆ ಕಾಣುತ್ತಾರಂತೆ.

“ಬಟ್ಟೆ ನೋಡ್ಬ್ಯಾಡ, ಮುಖ ನೋಡ್ಕೊ. ಬಟ್ಟೆ ಎದ್ದು ಮುಖ ಬಿದ್ದೋದ್ರೆ ಅದು ನಿಂಗೆ ಬ್ಯಾಡ. ಮುಖ ಎದ್ರೆ ಅದು ನಿಂದು.”

ಕಪ್ಪಿನಲ್ಲೇ ಎಷ್ಟು ಬಗೆ ಎಂದು ಅವರು ವಿವರಿಸಲು ಕುಳಿತರೆ ಕಾಫಿ ಆರಿಹೋಗುತ್ತದೆ. ರಾಗಿಕಾಳಿನಂತೆ ಒಳಗೆ ಕೆಂಪು ಇಟ್ಟುಕೊಂಡ ಕಪ್ಪು ಒಂದು, ನೇರಳೆಯ ನೀಲಿ ಹೊಳೆಯುವ ಕಪ್ಪು ಇನ್ನೊಂದು. ಒಬ್ಬರ ಬಣ್ಣ ಇನ್ನೊಬ್ಬರಿಗೆ ಬರುವುದಿಲ್ಲ. ಬಿಳಿ ಮೈಯವರೂ ಅಷ್ಟೆ, ತಿಳಿಹಳದಿ ಉಟ್ಟು ಕಾಮಾಲೆ ಬಂದವರಂತೆ ಓಡಾಡುವವರನ್ನು ಇವರು ರಸ್ತೆಯಲ್ಲೇ ನಿಲ್ಲಿಸಿ ಹೇಳಿದ್ದುಂಟು. ಗಿಡ್ಡಗಿರುವವರು ದಪ್ಪ ಅಂಚು ಉಡಬಾರದು ಎಂಬ ಮಾತನ್ನೂ ಒಪ್ಪುವುದಿಲ್ಲ. “ಅಂಚು ಎಲ್ಲಿಗೆ ಬಂದು ನಿಲ್ತೈತೆ ನೋಡ್ಬೇಕು ಅಷ್ಟೆ. ಸಣ್ಣಗೆ ಕಾಣೋ ಹಂಗೆ ಹೊಲಿ, ಬೆಳ್ಳಗೆ ಕಾಣೋ ಹಂಗೆ ಹೊಲಿ ಅಂತ ಬತ್ತಾರೆ. ನೀನು ನಿನ್ನ ಹಂಗೆ ಕಾಣೋ ಹಂಗೆ ಹೊಲೀತೀನಿ ಬಾ ಅಂದ್ರೆ ಮುಖ ಊದಿಸ್ಕೋತಾರೆ.”

ಈ ಸಿಟ್ಟು ಅಂಚೆಟ್ಟಿಯಾಚೆಯ ನಾಟ್ರಾಂಪಾಳ್ಯದಿಂದಲೇ ಬಂದದ್ದು. ಕಾಡಂಚಿನ ಆ ಊರಲ್ಲಿ ಅವರು ಹುಟ್ಟಿದ್ದು. ಮನೆಯಲ್ಲಿ ಅಕ್ಕತಂಗಿಯರಿಗೆ ಲಂಗದ ಬಟ್ಟೆ ತಂದರೆ ಕೆಂಪು ಅಕ್ಕನಿಗೆ, ಬೂದು ಇವರಿಗೆ. ‘ಕರಿಯವಳಿಗೆ ಕೆಂಪ್ಯಾಕೆ’ ಎಂದು ಹೆತ್ತವ್ವನೇ ಅನ್ನುತ್ತಿದ್ದಳು. ಗಂಡು ನೋಡಲು ಬಂದ ದಿನ ಮುಖಕ್ಕೆ ಪೌಡರು ಮೆತ್ತಿ ಕೂರಿಸಿದರಂತೆ. “ಒಲೆಯಿಂದ ಎದ್ದು ಬಂದಂಗಿದ್ದೆ, ಬೂದಿ ಬಳ್ಕೊಂಡು. ಬಂದೋರು ಉಪ್ಪಿಟ್ಟು ತಿಂದು ಎದ್ದೋದ್ರು.” ಆಮೇಲೆ ಬಂದ ಬೀರೇಶ್ ನೋಡಿದ್ದು ಮುಖ ತೊಳೆದುಕೊಂಡ ಮೇಲೆ.

ಮದುವೆಯಾದ ಮೇಲೆ ಗಾರ್ಮೆಂಟ್ಸ್ ಸೇರಿದರು. ವರ್ಷಗಟ್ಟಲೆ ಒಂದೇ ಕೆಲಸ, ಅಂಗಿಗೆ ಎಡತೋಳು ಕೂಡಿಸುವುದು. ಬಲತೋಳು ಪಕ್ಕದ ಮೆಷಿನ್ನಿನವಳದು. “ಯಾರ ಮೈಗೆ ಹೊಲೀತಿದೀನಿ ಅಂತ್ಲೇ ಗೊತ್ತಿಲ್ದಂಗೆ ಹೊಲ್ದೆ. ಆ ತೋಳೊಳಗೆ ಕೈ ಹಾಕಿದೋರ್ನ ಒಬ್ರನ್ನೂ ಕಂಡಿಲ್ಲ.” ಒಂದು ಚಳಿಗಾಲ, ಸಾಸಿವೆ ಹೂವಿನ ಗಾಢ ಹಳದಿ ಬಟ್ಟೆಯ ಪಟ್ಟಿಯೊಂದನ್ನು ಕಸದಿಂದ ಎತ್ತಿ ಕುತ್ತಿಗೆಗೆ ಸುತ್ತಿಕೊಂಡಿದ್ದರು. ಕೈ ತೊಳೆಯುವಲ್ಲಿ ಕಿಟಕಿಯ ಬೆಳಕು, ಎದುರಿಗೆ ಕನ್ನಡಿ. ಯಾರೋ ಬೇರೆಯವಳು ನಿಂತಿದ್ದಾಳೆಂದು ಜಾಗ ಬಿಟ್ಟರಂತೆ. “ಅಷ್ಟು ವರ್ಷ ನನ್ನ ಮುಖಾನ ನನ್ಗೇ ತೋರಿಸ್ದಂಗೆ ಮುಚ್ಚಿಟ್ಟಿದ್ರಲ್ಲ! ಮೊದ್ಲು ಖುಸಿ ಆಯ್ತು. ಆಮ್ಯಾಲೆ ಮೈಯೆಲ್ಲ ಉರ್ದೋಯ್ತು.” ಅವತ್ತಿನಿಂದ ಅವರ ರವಿಕೆಗಳೆಲ್ಲ ಆ ಹಳದಿಯದೇ, ತೋಳು ಮೊಣಕೈವರೆಗೆ. ಮೇಲೆ ಕಡುಹಸಿರು ಇಲ್ಲವೇ ಕಾಫಿಪುಡಿ ಬಣ್ಣದ ಸೀರೆ.

ಪವಿತ್ರಳ ರವಿಕೆಯ ಕತೆ ಬಿಚ್ಚಿಕೊಂಡದ್ದು ಅವಳು ತಾಯಿ ಅಂಜಮ್ಮನನ್ನು ಅಂಗಡಿಗೆ ಕರೆತಂದ ಮೇಲೆ. ಧಾರೆ ಸೀರೆ, ರವಿಕೆ ಎರಡೂ ಗಂಡಿನ ಕಡೆಯಿಂದ ಬರುವುದು ಪದ್ಧತಿ. ಜೂಜುವಾಡಿಯಿಂದ ಬೀಗಿತ್ತಿ ಹೇಳಿಕಳಿಸಿದರು, ಹುಡುಗಿಯ ಅಳತೆ ರವಿಕೆ ಕೊಡಿ ಎಂದು.

“ಇವಳವು ಎಲ್ಲಾ ಹಳೇವು ಕಣಕ್ಕ, ಕಂಕುಳಲ್ಲಿ ಹರ್ದಿದ್ವು,” ಅನ್ನುತ್ತಾರೆ ಅಂಜಮ್ಮ. “ಅಂಥದ್ದನ್ನ ಬೀಗ್ರ ಮನೆಗೆ ಕಳ್ಸೋದಾ? ದೊಡ್ಡ ಮಗಳದು ಹೊಸಾದಿತ್ತು, ಜರಿ ಅಂಚಿಂದು. ಅದುನ್ನೇ ಕಳ್ಸಿದ್ವಿ.”

“ದೊಡ್ಡವಳು ಕಡ್ಡಿ ಇದ್ದಂಗವ್ಳಲ್ಲೇ ತಾಯಿ!”

“ಮರ್ಯಾದೆ ನೋಡ್ಬೇಕಲ್ಲಕ್ಕ.”

ಬೀಗರ ಮುಂದೆ ಒಳ್ಳೇ ರವಿಕೆ ತೋರಿಸಬೇಕು, ಮಗಳು ಅದರೊಳಗೆ ಹಿಡಿಸುತ್ತಾಳೋ ಇಲ್ಲವೋ ಎರಡನೆಯ ಮಾತು! ನಗಬೇಕೋ ಅಳಬೇಕೋ. ಹೋಗಲಿ, ರವಿಕೆಯನ್ನಾದರೂ ಬಿಚ್ಚಿ ಹೊಲಿಯಬಹುದು. ಸೀರೆಗೇನು ಮಾಡುವುದು? ಅಂಜಮ್ಮ ಬಿಡಿಸಿ ತೋರಿಸಿದ ರೇಷ್ಮೆ ಹಾಲಿನ ಕೆನೆಯ ಬಣ್ಣದ್ದು, ಸಣ್ಣ ಜರಿ ಅಂಚು. ನೇಯ್ಗೆಗೆ ಹೆಸರಿಡುವಂತಿಲ್ಲ. ಆದರೆ ಅದನ್ನು ಹೆಗಲ ಮೇಲೆ ಹಾಕಿದ ಕೂಡಲೇ ಪವಿತ್ರಳ ರಾಗಿಬಣ್ಣದ ಮುಖ ಬೂದಿಯಾಯಿತು, ಕಣ್ಣ ಕೆಳಗೆ ಜ್ವರದಿಂದ ಎದ್ದವರ ಕಪ್ಪು.

“ನಿಂಗೆ ಏನನ್ಸುತ್ತೆ?” ಎಂದು ಗಂಗರತ್ನಮ್ಮ ಕೇಳಿದರು.

“ಅವ್ರು ತಂದಿರೋದು ಅಕ್ಕ, ಉಟ್ಕೋಬೇಕು.”

“ಅದನ್ನ ಕೇಳ್ಲಿಲ್ಲ ನಾನು.”

ಹುಡುಗಿ ಸೆರಗನ್ನು ಹೆಗಲಿಂದ ಇಳಿಸಿ ಹೇಳಿದಳು, “ಮೊಬೈಲಲ್ಲಿ ಫೋಟೋ ತಗೊಂಡ್ ನೋಡ್ದೆ. ಸೀರೆ ಮಾತ್ರ ಮದ್ವೆ ಆಗ್ತೈತೆ, ನಾನಲ್ಲ ಅನ್ನುಸ್ತು.”

ಆ ಮಾತು ಕೇಳಿದ ಮೇಲೆ ಗಂಗರತ್ನಮ್ಮನಿಗೆ ಸುಮ್ಮನಿರಲಾಗಲಿಲ್ಲ. ಬೀಗಿತ್ತಿಯನ್ನೇ ಕರೆತರಲು ಹೇಳಿದರು. ಅಂಜಮ್ಮ ಬೇಡವೇ ಬೇಡವೆಂದರು, ಗೊತ್ತಾದ ಮದುವೆ ಮುರಿದರೆ ಗತಿಯೇನು ಎಂದು. ಭಯ ಸುಮ್ಮನೆಯದಲ್ಲ. ಇದಕ್ಕಿಂತ ಸಣ್ಣ ಮಾತಿಗೆ ಬೀಗರು ಎದ್ದುಹೋದದ್ದನ್ನು ಆ ಸೀಮೆ ಕಂಡಿದೆ. ಕೊನೆಗೆ ಫೋನು ಮಾಡಿದವಳು ಪವಿತ್ರಳೇ. ಮದುಮಗ ಕುಮಾರೇಶ್ ತಾಯಿಯನ್ನು ಬೈಕಿನಲ್ಲಿ ತಂದು ಇಳಿಸಿ, ಪಂಕ್ಚರ್ ನೆಪ ಹೇಳಿ ಓಣಿಯಿಂದಲೇ ಮಾಯವಾದ.

ಬೀಗಿತ್ತಿ ರಾಮಕ್ಕ ಜೂಜುವಾಡಿಯ ಹೆದ್ದಾರಿ ಬದಿಯಲ್ಲಿ ಲಾರಿ ಡ್ರೈವರುಗಳಿಗೆ ಟೀ ಬಜ್ಜಿ ಮಾರುವವರು, ಗಂಟಲು ಹೆದ್ದಾರಿಗೆ ಹೊಂದಿಕೊಂಡಿದೆ.

“ಯಾರಮ್ಮ ಅದು, ನಾವು ತಂದ ಸೀರೆಗೆ ಹೆಸರಿಡೋರು?”

“ಬಾರಕ್ಕ, ಮೊದ್ಲು ಕಾಫಿ ಕುಡಿ. ಸೀರೆ ಚೆನ್ನಾಗೈತೆ, ಹುಡ್ಗಿನೂ ಚೆನ್ನಾಗವ್ಳೆ. ಎರಡನ್ನೂ ಒಂದ್ಕಡೆ ಸೇರ್ಸುದ್ರೆ ಎರಡೂ ಕೆಟ್ಟೋಗ್ತಾವೆ.”

“ಹುಡ್ಗಿ ಬಣ್ಣ ಸ್ವಲ್ಪ ಮಂಕು. ತಿಳಿ ಸೀರೆ ಉಟ್ರೆ ಎತ್ಕೊಡ್ತೈತೆ ಅಂತ ಹೊಸೂರಲ್ಲಿ ಅಂಗಡಿಯವ್ನೇ ಅಂದ. ಫೋಟೋದಾಗೆ ಬರೋದ್ ಬ್ಯಾಡ್ವಾ?”

ಅಂಗಡಿಯವನು ಅಂದನಂತೆ! ಅಂಗಡಿಗಳ ಮುಂದೆ ಸೀರೆ ಉಟ್ಟು ನಿಂತ ಗೊಂಬೆಗಳನ್ನು ನೋಡಿ, ಒಂದಾದರೂ ನಮ್ಮ ಮನೆಯ ಹೆಣ್ಣಿನ ಬಣ್ಣ ಇದೆಯೇ? ಜಾಹೀರಾತಿನ ಹುಡುಗಿ ವಾರಕ್ಕೆ ಬೆಳ್ಳಗಾಗುತ್ತಾಳೆ. ಸ್ಟುಡಿಯೋದಲ್ಲಿ ಕೇಳದೆಯೇ ಮುಖ ತೊಳೆದು ಕೊಡುತ್ತಾರೆ. ಇಡೀ ಸೀಮೆಯ ಹೆಣ್ಣುಮಕ್ಕಳಿಗೆ ‘ನೀನು ಇರುವ ಹಾಗೆ ಕಾಣಬೇಡ’ ಎಂದು ಹೇಳುವುದೇ ಒಂದು ದೊಡ್ಡ ವ್ಯಾಪಾರವಾಗಿದೆ. ಅದನ್ನು ಕೊಂಡು ತಂದು ಸೊಸೆಯ ಮಡಿಲಿಗೆ ಹಾಕುವವರು ಕೆಟ್ಟವರೇನಲ್ಲ, ರಾಮಕ್ಕನಂಥ ದುಡಿದು ತಿನ್ನುವ ಹೆಂಗಸರೇ. ಹೊಟ್ಟೆಯುರಿಯುವುದು ಅದಕ್ಕೇ.

ಗಂಗರತ್ನಮ್ಮ ವಾದ ಮಾಡಲಿಲ್ಲ. ರಾಮಕ್ಕನ ಕೈ ಹಿಡಿದು ಹೊಸ್ತಿಲಿಗೆ ಎಳೆದು ನಿಲ್ಲಿಸಿದರು. ಅವರೂ ಕಪ್ಪಗಿನವರೇ, ಉಟ್ಟಿದ್ದು ಮಾಸಲು ಗುಲಾಬಿ. ಕೆನೆ ಸೀರೆಯ ಸೆರಗನ್ನು ಮೊದಲು ಅವರ ಹೆಗಲಿಗೇ ಹಾಕಿ ಕನ್ನಡಿ ಕೊಟ್ಟರು. ಅದನ್ನು ತೆಗೆದು ಹಗ್ಗದಿಂದ ಕಡು ಕುಂಕುಮದ ಕೆಂಪು ಚೂರೊಂದನ್ನು ಎಳೆದು ಹಾಕಿದರು. ರಾಮಕ್ಕ ಕನ್ನಡಿಯನ್ನು ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು.

“ನನ್ ಮದ್ವೇಲೂ ತಿಳೀದೇ ಉಡ್ಸಿದ್ರು,” ಎಂದರು. ದನಿ ಇಳಿದಿತ್ತು. “ಕೆಂಪು ಬೇಕು ಅಂದಿದ್ಕೆ ನಮ್ಮತ್ತೆ ಏನಂದ್ರು ಗೊತ್ತಾ? ನಿನ್ ಮೈಗೆ ಕೆಂಪುಟ್ರೆ ಕತ್ಲಲ್ಲಿ ಬೆಂಕಿ ಹಚ್ಚಿದಂಗಾಯ್ತದೆ ಅಂದ್ರು.”

“ಬೆಂಕಿ ಹಚ್ಚಿದ್ರೆ ಬೆಳಕಾಯ್ತದಲ್ಲಕ್ಕ!”

ರಾಮಕ್ಕ ನಗಲಿಲ್ಲ. “ಇಷ್ಟು ವರ್ಷ ಒಬ್ರೂ ಹೇಳ್ಲಿಲ್ವಲ್ಲ ನಂಗೆ,” ಎಂದು ಕನ್ನಡಿಯನ್ನು ಕುಕ್ಕಿ ಇಟ್ಟರು. ಸಿಟ್ಟು ಯಾರ ಮೇಲೆ ಎಂದು ಅವರಿಗೂ ತಿಳಿದಂತಿರಲಿಲ್ಲ. ಸದ್ಯಕ್ಕೆ ಗಂಗರತ್ನಮ್ಮನ ಮೇಲೆಯೇ ತಿರುಗಿತು. “ಈಗ ಹೇಳಿ ಏನ್ ಮಾಡಾಕಾಯ್ತದೆ? ಫಾಲ್ ಹೊಲ್ಸಾಗೈತೆ, ಮೂಲೆಗೆ ಅರಿಶಿನ ಇಟ್ಟಾಗೈತೆ, ಅಂಗಡಿಯವ್ನು ವಾಪಸ್ ತಗೋತಾನಾ? ಧಾರೆಗೆ ಎರಡೆರಡು ಸೀರೆ ತರೋರು ಯಾರಿದಾರೆ?”

“ಎರಡ್ಯಾಕೆ? ಇದುಕ್ಕೇ ಬಣ್ಣ ಹಾಕ್ಸಣ.”

ಅಂಜಮ್ಮ ಎದೆ ಮುಟ್ಟಿಕೊಂಡರು. ರಾಮಕ್ಕ ಎದ್ದೇ ನಿಂತರು. ಧಾರೆ ಸೀರೆಯನ್ನು ಬಣ್ಣದ ಬಾನಿಗೆ ಅದ್ದುವುದೇ? ಅಪಶಕುನ ಅಲ್ಲವೇ?

“ನಮ್ಮಜ್ಜಿ ಕಾಲ್ದಾಗೆ ಬಿಳೀ ಸೀರೇನ ಅರಿಶಿನದ ನೀರಲ್ಲಿ ಅದ್ದಿ, ಹಿಂಡಿ ಒಣಗ್ಸಿ ಧಾರೆಗೆ ಉಡುಸ್ತಿದ್ರು. ನಿಮ್ಮಜ್ಜಿದೂ ಅಷ್ಟೇ ಇರ್ತೈತೆ, ಕೇಳಿ ನೋಡು. ಅರಿಶಿನ ಬಣ್ಣ ಅಲ್ದೆ ಸಾರಿನ ಪುಡಿಯಾ? ಅವತ್ತು ಇಲ್ದಿರೋ ಅಪಶಕುನ ಇವತ್ತು ಎಲ್ಲಿಂದ ಬಂತಕ್ಕ?”

ಓಣಿಯಲ್ಲಿ ಆಗಲೇ ನಾಲ್ಕು ಜನ ಸೇರಿದ್ದರು. ರಾಮಕ್ಕ ಸೊಸೆಯಾಗುವವಳ ಕಡೆ ನೋಡಿದರು. “ನೀನೇನಂತೀಯಾ?”

ಪವಿತ್ರ ತಾಯಿಯ ಮುಖ ನೋಡಲಿಲ್ಲ. “ಕೆಂಪು ಬೇಕು ಅತ್ತೆ,” ಎಂದಳು. ಆಮೇಲೆ ಇನ್ನೂ ಮೆಲ್ಲಗೆ, “ತೋಳು ಗಿಡ್ಡ ಇರ್ಲಿ.”

“ಬಾಯಿ ಐತೆ ಪರ್ವಾಗಿಲ್ಲ,” ಎಂದು ರಾಮಕ್ಕ ಸೀರೆ ಮಡಚಿ ಗಂಗರತ್ನಮ್ಮನ ಕೈಗಿಟ್ಟರು. “ಕೆಟ್ರೆ ಮದ್ವೆ ಮನೇಲಿ ಎಲ್ಲಾರ ಮುಂದೆ ನಿನ್ನೇ ನಿಲ್ಲಿಸ್ತೀನಿ, ನೋಡ್ಕೊ.”

ಕೃಷ್ಣಗಿರಿಯಲ್ಲಿ ರೇಷ್ಮೆಗೆ ಬಣ್ಣ ಹಾಕುವ ಮುರುಗೇಶ್ ಮೊದಲೇ ಕೈ ತೊಳೆದುಕೊಂಡ. “ಅಕ್ಕಾ, ಬಿಳುಪು ಕೆಂಪಾಗುತ್ತೆ. ಮಚ್ಚೆ ಬಿದ್ರೆ ಮಾತ್ರ ನನ್ನ ಕೇಳ್ಬೇಡಿ, ಇಪ್ಪವೇ ಸೊಲ್ಲಿಟ್ಟೇನ್!” ಈಗಲೇ ಹೇಳಿಬಿಟ್ಟಿದ್ದೇನೆ ಎಂದು ತಮಿಳಲ್ಲಿ ಅಂದ ಮೇಲೆ ಯಾರೇನು ಮಾಡಲಾಗುತ್ತದೆ? ಗಂಗರತ್ನಮ್ಮ ರವಿಕೆಯನ್ನು ಪೂರ್ತಿ ಬಿಚ್ಚಿ ತುಂಡುಗಳನ್ನೂ ಜೊತೆಗೆ ಕೊಟ್ಟು, ಹಬೆಯಾಡುವ ಬಾನಿಯ ಪಕ್ಕ ನಿಂತರು. ಸೀರೆ ಮುಳುಗಿತು, ಎದ್ದಿತು, ಮುಳುಗಿತು. ಒಂದು ಹೆಣ್ಣಿನ ಮದುವೆ ಆ ಬಾನಿಯೊಳಗಿದೆ, ತಪ್ಪಿದರೆ ತಳಿಯಲ್ಲಿ ಇನ್ಯಾರೂ ಈ ಹೊಸ್ತಿಲು ಹತ್ತುವುದಿಲ್ಲ. ಒಣಗಿದ ಸೀರೆಯನ್ನು ಹಿತ್ತಲಿನ ಬಿಸಿಲಲ್ಲಿ ಅವರೂ ಮುರುಗೇಶನೂ ಎರಡು ತುದಿ ಹಿಡಿದು ನೋಡಿದರು. ಜರಿ ಸ್ವಲ್ಪ ಮಂಕಾಗಿತ್ತು. ನೆರಿಗೆಯೊಳಗೆ ಮುಚ್ಚಿಹೋಗುವ ಜಾಗದಲ್ಲಿ ಅಂಗೈಯಗಲ ಬಣ್ಣ ಏರುಪೇರಾಗಿತ್ತು. ಮಿಕ್ಕದ್ದೆಲ್ಲ ಕಡು ಕುಂಕುಮ.

ರವಿಕೆಗೆ ಬಟ್ಟೆ ಸಾಲದು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸೀರೆಯ ಒಳತುದಿಯಿಂದ ಒಂದಿಷ್ಟು ಕತ್ತರಿಸಿ, ಕಂಕುಳಡಿ ತುಂಡು ಕೂಡಿಸಿ, ಗಿಡ್ಡ ತೋಳು ಹೊಲಿದರು. ಬಲೆಬಟ್ಟೆಯ ತೋಳು ಒಲೆಗೆ ಹೋಯಿತು. ಪವಿತ್ರ ಮತ್ತೆ ಹೊಸ್ತಿಲಲ್ಲಿ ನಿಂತು ಕೈ ಎತ್ತಿದಳು, ಮೇಲಿನ ಬಾಗಿಲ ಪಟ್ಟಿಗೆ ಬೆರಳು ತಾಗಿತು. “ಸಾಕು, ಸೂರು ಕೀಳ್ಬ್ಯಾಡ,” ಎಂದರು ಟೈಲರಮ್ಮ.

ಮದುವೆಯ ದಿನ ಗಂಗರತ್ನಮ್ಮ ಕುಳಿತದ್ದು ಛತ್ರದ ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ. ಮದುಮಗಳು ಬಂದಾಗ ಗುಸುಗುಸು ಎದ್ದಿತು. ಬಯ್ಯುವ ಗುಸುಗುಸು ಅಲ್ಲ. ಫೋಟೋದವನು ಕ್ಯಾಮೆರಾ ಇಳಿಸಿ ಒಮ್ಮೆ ಬರಿಗಣ್ಣಲ್ಲಿ ನೋಡಿದ. ಹಾರ ಹಾಕುವಾಗ ಗೆಳೆಯರು ಕುಮಾರೇಶನನ್ನು ಹೆಗಲ ಮೇಲೆ ಎತ್ತಿಬಿಟ್ಟರು, ಪವಿತ್ರ ತುದಿಗಾಲಲ್ಲಿ ನಿಂತು ಎರಡೂ ಕೈ ಚಾಚಿ ಅವನ ಕೊರಳಿಗೇ ಹಾಕಿದಳು. ಒಂದು ಹೊಲಿಗೆಯೂ ಬಿಡಲಿಲ್ಲ.

ಊಟದ ಪಂಕ್ತಿಯಲ್ಲಿ ಹೆಂಗಸರು ರಾಮಕ್ಕನನ್ನು ಮುತ್ತಿಕೊಂಡರು. ಸೀರೆ ಎಲ್ಲಿ ತಂದಿದ್ದು, ರವಿಕೆ ಹೊಲಿದವರು ಯಾರು, ಸೊಸೆಗೆ ಇಷ್ಟು ಒಪ್ಪುವ ಬಣ್ಣ ಹೇಗೆ ಗೊತ್ತಾಯಿತು. ರಾಮಕ್ಕ ಸೆರಗು ಸರಿಮಾಡಿಕೊಂಡು, ಕಂಬದ ಕಡೆ ತಿರುಗಿಯೂ ನೋಡದೆ, ಹೆದ್ದಾರಿಯ ಗಂಟಲಲ್ಲಿ ಹೇಳಿದರು: “ಹೊಸೂರಲ್ಲಿ. ನಾನೇ ನಿಂತು ಆರಿಸಿದ್ದು. ಕಪ್ಪು ಹುಡ್ಗೀರಿಗೆ ಗಾಢ ಬಣ್ಣನೇ ಕಣ್ರೇ, ನಿಮ್ಗೇನ್ ಗೊತ್ತು?”

ಪಕ್ಕದಲ್ಲಿ ಕುಳಿತಿದ್ದ ಬೀರೇಶ್‌ಗೆ ತಡೆಯಲಾಗಲಿಲ್ಲ. “ನೋಡ್ದೇನೇ? ನಿನ್ ಹೆಸರೇ ಎತ್ಲಿಲ್ಲ. ಹೋಗಿ ಹೇಳ್ತೀನಿ ಇರು.”

ಗಂಗರತ್ನಮ್ಮ ಗಂಡನ ಅಂಗಿ ಹಿಡಿದು ಕೂರಿಸಿದರು. “ಸುಮ್ಕೆ ಪಾಯಸ ತಿನ್ನಯ್ಯ. ಕಪ್ಪು ಸೊಸೆಗೆ ಕೆಂಪು ಸೀರೆ ನಾನೇ ಆರಿಸ್ದೆ ಅಂತ ಒಬ್ಬ ಅತ್ತೆ ಛತ್ರದ ತುಂಬ ಜಂಬ ಕೊಚ್ಕೊತಾವ್ಳೆ. ನಾನು ಹೋಗಿ ಅದನ್ನ ಕಿತ್ಕೊಂಡು ಬರ್ಲಾ?”